ಹಸ್ತಾಕ್ಷರದ ಲಕೋಟೆಯೂ ಪರಿಗ್ರಹಪರಿಮಾಣ ವ್ರತವೂ

ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಲು ಸಂಕಲ್ಪಿಸಿದ ಶ್ರಾವಕನು ಮೊದಲು ಲೆಕ್ಕ ಹಾಕುವುದು ಹೊಲವನ್ನು. ಆಮೇಲೆ ಮನೆಯನ್ನು, ಬೆಳ್ಳಿಬಂಗಾರಗಳನ್ನು, ಬ್ಯಾಂಕಿನ ಠೇವಣಿಯನ್ನು, ಧಾನ್ಯವನ್ನು. ಇಷ್ಟನ್ನೂ ಬರೆದು ಮುಗಿಸಿದ ಬಳಿಕ ಯಾವುದೋ ಒಂದು ಬೀರು ಅಥವಾ ಒಂದು ಪೆಟ್ಟಿಗೆ ಲೆಕ್ಕಕ್ಕೆ ಸಿಕ್ಕದೆ ಉಳಿದುಬಿಡುತ್ತದೆ. ಅದರಲ್ಲಿರುವುದು ಹಣವಲ್ಲ, ಒಡವೆಯೂ ಅಲ್ಲ; ಆದರೆ ಒಡೆಯನ ಪಾಲಿಗೆ ಅದು ಎರಡಕ್ಕಿಂತಲೂ ಮಿಗಿಲು. ನಾವು ಇಲ್ಲಿ ವಿಚಾರಿಸಹೊರಟಿರುವುದು ಅಂತಹ ಒಂದು ಪೆಟ್ಟಿಗೆಯನ್ನು ಕುರಿತು.

ಬೆಂಗಳೂರಿನ ಮೂಡಲಪಾಳ್ಯದಲ್ಲಿ ವಾಸವಾಗಿರುವ ಶ್ರಾವಕರೊಬ್ಬರು ಬರುವ ದಶಲಕ್ಷಣ ಪರ್ವದಲ್ಲಿ ಈ ಅಣುವ್ರತವನ್ನು ವಿಧಿಪೂರ್ವಕವಾಗಿ ಸ್ವೀಕರಿಸಬೇಕೆಂದಿದ್ದಾರೆ. ಅವರ ಬಳಿ ಗಗನಯಾತ್ರಿಗಳ ಹಸ್ತಾಕ್ಷರವುಳ್ಳ ಲಕೋಟೆಗಳೂ ಭಾವಚಿತ್ರಗಳೂ ನೂರರ ಸಮೀಪ ಇವೆ. 1984ರ ಏಪ್ರಿಲ್ 3ರಂದು ಶ್ರೀ ರಾಕೇಶ್ ಶರ್ಮಾ ಅವರು ಸೋವಿಯತ್ ನೌಕೆ ಸೋಯುಜ್ ಟಿ-11ರಲ್ಲಿ ಅಂತರಿಕ್ಷಕ್ಕೆ ಏರಿದಾಗ ನಮ್ಮ ಅಂಚೆ ಇಲಾಖೆಯು ಒಂದು ಸ್ಮಾರಕ ಚೀಟಿಯನ್ನು ಹೊರಡಿಸಿತಷ್ಟೆ. ಅಂದು ಕೊಂಡ ಪ್ರಥಮ ದಿನದ ಲಕೋಟೆಯೇ ಈ ಸಂಗ್ರಹಕ್ಕೆ ಬೀಜ. ಶರ್ಮಾ ಅವರು ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಮುಖ್ಯ ಪರೀಕ್ಷಾ ವೈಮಾನಿಕರಾಗಿದ್ದ ಕಾಲದಲ್ಲಿ ಅದರ ಮೇಲೆ ಅವರ ಸಹಿಯೂ ದೊರೆಯಿತು. ಅಲ್ಲಿಂದ ಮುಂದೆ ಒಂದು ಹತ್ತಾಗಿ, ಹತ್ತು ನೂರಾಯಿತು; ಈಚೆಗೆ ಅಮೆರಿಕದ ಹರಾಜುಗಳಿಂದಲೂ ವಸ್ತುಗಳು ಬರುತ್ತಿವೆ.

ಇದನ್ನು ಕುರಿತು ಆ ಮನೆಯಲ್ಲಿಯೇ ಎರಡು ಪಕ್ಷಗಳಾಗಿವೆ. ಇವು ಪರಿಗ್ರಹವಲ್ಲ, ಶಾಸ್ತ್ರಗ್ರಂಥಗಳಂತೆ ಜ್ಞಾನೋಪಕರಣಗಳು, ಮನುಷ್ಯನ ಸಾಹಸಕ್ಕೆ ಸಲ್ಲಿಸುವ ಗೌರವ ಎಂಬುದು ಯಜಮಾನರ ವಾದ. ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡುವ ವಸ್ತು ಪರಿಗ್ರಹವಲ್ಲದಿದ್ದರೆ ಮತ್ತಾವುದು ಪರಿಗ್ರಹ ಎಂದು ಅವರ ಧರ್ಮಪತ್ನಿಯವರು ಕೇಳುತ್ತಾರೆ. ಇಬ್ಬರೂ ಕೂಡಿ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಇದು ಒಂದು ಮನೆಯ ಪ್ರಶ್ನೆಯಷ್ಟೇ ಅಲ್ಲ. 1974ರಲ್ಲಿ ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ ಬಂದ ಅಂಚೆ ಚೀಟಿಯನ್ನೂ, 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ಗೊಮ್ಮಟೇಶ್ವರನ ಚೀಟಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮೊದಲು ಈ ವಸ್ತುಗಳು ಎಂತಹವು ಎಂಬುದನ್ನು ತಿಳಿದುಕೊಳ್ಳಬೇಕು. ವಸ್ತುವಿನ ಚರಿತ್ರೆಯನ್ನು ಅರಿಯದೆ ಅದರ ಧರ್ಮಾಧರ್ಮವನ್ನು ನಿರ್ಣಯಿಸಲಾಗದು. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳಲ್ಲಿ ಭೂಮಿಯನ್ನು ಸುತ್ತಿ ಇಳಿದನು. ಅದೇ ವರ್ಷ ನಮ್ಮ ದೇಶಕ್ಕೂ ಬಂದು ಹೋದನು. 1968ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ವಿಮಾನಾಪಘಾತದಲ್ಲಿ ತೀರಿಕೊಂಡನು. ಬರೆದ ಕೈ ಇನ್ನು ಬರೆಯಲಾರದು ಎಂದಾದೊಡನೆ ಬರೆದ ಅಕ್ಷರಕ್ಕೆ ಬೆಲೆ ಹುಟ್ಟುತ್ತದೆ. ಸಂಗ್ರಾಹಕರ ಲೋಕದ ಮೂಲಸೂತ್ರವೇ ಇದು. ಅನಿತ್ಯಭಾವನೆಯನ್ನು ತಲೆಕೆಳಗು ಮಾಡಿದಂತಿರುವ ಸೂತ್ರ.

1969ರ ಜುಲೈ ತಿಂಗಳಲ್ಲಿ ಚಂದ್ರನಲ್ಲಿಗೆ ಹೊರಟ ಅಪೊಲೊ 11ರ ಮೂವರ ಕಥೆ ಮನಕರಗಿಸುವಂತಹುದು. ಆ ಅಪಾಯಕ್ಕೆ ತಕ್ಕಷ್ಟು ಜೀವವಿಮೆ ದೊರಕುವುದು ಕಷ್ಟವಾಗಿತ್ತು. ತಾವು ಮರಳಿ ಬಾರದಿದ್ದರೆ ಹೆಂಡಿರು ಮಕ್ಕಳ ಗತಿಯೇನು? ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರೂ ಹೊರಡುವ ಮುನ್ನ ಲಕೋಟೆಗಳ ರಾಶಿಗೆ ಸಹಿ ಹಾಕಿದರು. ಅವುಗಳಿಗೆ ಯಾತ್ರೆಯ ಮುಖ್ಯ ದಿನಗಳಂದು ಅಂಚೆ ಮುದ್ರೆ ಒತ್ತಿಸಿ ಮನೆಯವರಿಗೆ ತಲುಪಿಸುವ ಏರ್ಪಾಡಾಯಿತು. ಗಂಡಂದಿರು ಸತ್ತರೆ ಇವನ್ನು ಮಾರಿ ಬದುಕಬಹುದು ಎಂಬುದು ಉದ್ದೇಶ. ಮೂವರೂ ಸುರಕ್ಷಿತವಾಗಿ ಮರಳಿದರು. ಲಕೋಟೆಗಳು ಎಷ್ಟೋ ವರ್ಷಗಳ ನಂತರ ಹರಾಜಿಗೆ ಬಂದು ಸಂಗ್ರಾಹಕರ ಪಾಲಾದವು. ನಮ್ಮ ಆಚಾರ್ಯರು ಅಂತರಂಗ ಪರಿಗ್ರಹಗಳು ಹದಿನಾಲ್ಕೆಂದು ಎಣಿಸಿ, ಮಿಥ್ಯಾತ್ವ ಕಷಾಯಾದಿಗಳ ಜೊತೆಗೆ ಭಯವನ್ನೂ ಶೋಕವನ್ನೂ ಅವುಗಳಲ್ಲಿ ಸೇರಿಸಿದ್ದಾರೆ. ಒಬ್ಬ ಗೃಹಸ್ಥನ ಭಯದಿಂದ ಹುಟ್ಟಿದ ಕಾಗದವು ಮತ್ತೊಬ್ಬ ಗೃಹಸ್ಥನ ಹೆಮ್ಮೆಯಾಗಿ ಕುಳಿತಿದೆ. ಆ ಮೂವರನ್ನು ನಿಂದಿಸುವ ಮನಸ್ಸು ನಮಗಿಲ್ಲ; ಆಶ್ರಿತರ ಚಿಂತೆ ಗೃಹಸ್ಥಧರ್ಮವೇ ಸರಿ.

ಅಪೊಲೊ 15ರ ಪ್ರಕರಣ ಬೇರೆ. 1971ರ ಜುಲೈಯಲ್ಲಿ ಹೊರಟ ಆ ನೌಕೆಯಲ್ಲಿ, ಅನುಮತಿ ಪಡೆದ ಲಕೋಟೆಗಳಲ್ಲದೆ, ಅನುಮತಿಯಿಲ್ಲದ 398 ಲಕೋಟೆಗಳೂ ಚಂದ್ರನ ನೆಲವನ್ನು ಮುಟ್ಟಿ ಬಂದವು. ಅವುಗಳಲ್ಲಿ 100ನ್ನು ಪಶ್ಚಿಮ ಜರ್ಮನಿಯ ವ್ಯಾಪಾರಿಯೊಬ್ಬನು ಒಂದೊಂದಕ್ಕೆ ಸುಮಾರು 1,500 ಡಾಲರಿನಂತೆ ಮಾರಿದನು. ಯಾತ್ರಿಗಳಿಗೆ ತಲಾ ಸುಮಾರು 7,000 ಡಾಲರು ಸಲ್ಲಬೇಕೆಂದು ಒಪ್ಪಂದವಾಗಿತ್ತು. ಕೊನೆಗೆ ಅವರು ಆ ಹಣವನ್ನು ಬೇಡವೆಂದರು; ಆದರೂ ಸುದ್ದಿ ಹೊರಬಿದ್ದು 1972ರಲ್ಲಿ ಛೀಮಾರಿಗೊಳಗಾದರು. ಆ ಮೂವರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ. ಸರ್ಕಾರವು ವಶಪಡಿಸಿಕೊಂಡಿದ್ದ ಉಳಿದ ಲಕೋಟೆಗಳು 1983ರಲ್ಲಿ, ನ್ಯಾಯಾಲಯದಲ್ಲಿ ದಾವೆ ಹೂಡಿದ ಮೇಲೆ, ಅವರಿಗೆ ಮರಳಿದವು. ಚಂದ್ರನವರೆಗೆ ಏರಿದವರನ್ನು ಒಂದು ಕಟ್ಟು ಕಾಗದ ಕೆಳಕ್ಕೆ ಎಳೆಯಿತು. ಲೋಭಕ್ಕೆ ಆ ಎತ್ತರದಲ್ಲಿಯೂ ಉಸಿರು ಕಟ್ಟುವುದಿಲ್ಲ!

ಇನ್ನು ಸಹಿಯ ಸತ್ಯಾಸತ್ಯತೆ. ಅರುವತ್ತರ ದಶಕದಲ್ಲಿ ಹಸ್ತಾಕ್ಷರ ಬೇಡಿ ಬರುತ್ತಿದ್ದ ಪತ್ರಗಳ ಹೊರೆಯನ್ನು ತಾಳಲಾರದೆ ಅಮೆರಿಕದ ಅಂತರಿಕ್ಷ ಸಂಸ್ಥೆಯು ಸಹಿ ಹಾಕುವ ಯಂತ್ರಗಳನ್ನು ಬಳಸಿತು. ಯಂತ್ರದ ಕೈಗೆ ಸಿಕ್ಕಿಸಿದ ಲೇಖನಿಯು ಒಂದೇ ಅಚ್ಚಿನಂತೆ ನೂರಾರು ಬಾರಿ ಅದೇ ಸಹಿಯನ್ನು ಗೀಚುತ್ತದೆ. ಒಬ್ಬನೇ ಮನುಷ್ಯನ ಎರಡು ಸಹಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕುಳಿತರೆ ಅದು ಯಂತ್ರದ್ದೆಂದು ಬಲ್ಲವರು ಗುರುತಿಸುತ್ತಾರೆ. ಕೃತಕ ಸಹಿಗಳ ಹಾವಳಿಯೂ, ತನ್ನ ಸಹಿಯನ್ನು ಪಡೆದವರು ಅದನ್ನೇ ಮಾರುತ್ತಿದ್ದ ಸಂಗತಿಯೂ ತಿಳಿದು ಆರ್ಮ್‌ಸ್ಟ್ರಾಂಗ್ 1994ರಿಂದ ಹಸ್ತಾಕ್ಷರ ಕೊಡುವುದನ್ನೇ ನಿಲ್ಲಿಸಿದನು.

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವ ಐದು ಅತಿಚಾರಗಳನ್ನು ಇಲ್ಲಿ ನೆನೆಯಬೇಕು. ಕಳವಿಗೆ ಪ್ರೇರಿಸುವುದು, ಕಳವಿನ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಗೆ ವಿರುದ್ಧವಾಗಿ ನಡೆಯುವುದು, ತೂಕ ಅಳತೆಗಳಲ್ಲಿ ಮೋಸ, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವ ಪ್ರತಿರೂಪಕ ವ್ಯವಹಾರ. ತೂಕದ ಮೋಸವೊಂದನ್ನು ಬಿಟ್ಟರೆ ಉಳಿದೆಲ್ಲಕ್ಕೂ ಈ ವ್ಯಾಪಾರದಲ್ಲಿ ಎಡೆಯಿದೆ. ಆದುದರಿಂದ ವ್ರತಿಯು ಕೊಳ್ಳುವ ಮುನ್ನ ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂದು ವಿಚಾರಿಸುವುದು ಜಾಣತನ ಮಾತ್ರವಲ್ಲ, ವ್ರತದ ಅಂಗ. ಲೇಖಕರು ಕೇಳಿದ ಮಟ್ಟಿಗೆ ಸಂಗ್ರಾಹಕರೂ ಇದನ್ನೇ ಕೇಳುತ್ತಾರೆ, ಬೆಲೆಯ ಭಯದಿಂದ.

ಈಗ ಮುಖ್ಯ ಪ್ರಶ್ನೆ. ಬಾಹ್ಯ ಪರಿಗ್ರಹದ ಪಟ್ಟಿಯಲ್ಲಿ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ ಎಂದಿದೆಯೇ ಹೊರತು ಲಕೋಟೆ ಎಂದಿಲ್ಲ. ಆದರೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕುಪ್ಯಕ್ಕೆ ಅರ್ಥ ಹೇಳುವಾಗ ನಾರು, ಹತ್ತಿ, ರೇಷ್ಮೆಯ ಬಟ್ಟೆಗಳನ್ನೂ ಚಂದನವನ್ನೂ ಹೆಸರಿಸುತ್ತಾರೆ. ಮನೆಯಲ್ಲಿ ಬೆಲೆಯುಳ್ಳದ್ದಾಗಿ ಶೇಖರಿಸಿದ ಇತರ ಸರಕೆಲ್ಲ ಅಲ್ಲಿಯೇ ಸೇರಬೇಕು. ಕಾಗದವೆಂಬ ಕಾರಣಕ್ಕೆ ಹೊರಗಿಟ್ಟರೆ ಬ್ಯಾಂಕಿನ ಠೇವಣಿ ಪತ್ರವನ್ನೂ ಹೊರಗಿಡಬೇಕಾದೀತು.

ಜ್ಞಾನೋಪಕರಣವೆಂಬ ವಾದವನ್ನು ನಾವು ಒಪ್ಪಲಾರೆವು. ಗ್ರಂಥವನ್ನು ಮತ್ತೊಬ್ಬರು ಓದಿದರೆ ಅದರ ಪ್ರಯೋಜನ ಇಮ್ಮಡಿಯಾಗುತ್ತದೆ. ಒಂದು ಪ್ರತಿ ಹೋದರೆ ಮತ್ತೊಂದು ಪ್ರತಿ ಅದೇ ಜ್ಞಾನವನ್ನು ಕೊಡುತ್ತದೆ. ಗಗನಯಾನದ ಜ್ಞಾನ ಬೇಕಾದವನಿಗೆ ಸಹಿಯಿಲ್ಲದ ಚಿತ್ರವೂ ಅಷ್ಟೇ ಕಲಿಸುತ್ತದೆ. ಸಹಿಯಿಂದ ಹೆಚ್ಚುವುದು ಜ್ಞಾನವಲ್ಲ. ಇದು ನನ್ನದು, ಇನ್ನೊಬ್ಬನಲ್ಲಿಲ್ಲ ಎಂಬ ಭಾವ. ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ಮೂರ್ಛೆಯೆಂದು ನಿರೂಪಿಸಿದ್ದು ಈ ಭಾವವನ್ನು ಕಂಡೇ.

ಆದರೆ ಯಜಮಾನರು ಈ ಮೂರ್ಛೆಯ ಮಾತನ್ನೇ ತಮ್ಮ ಪಕ್ಷಕ್ಕೆ ತಿರುಗಿಸಿಕೊಂಡಿದ್ದಾರೆ. ಮೂರ್ಛೆಯೇ ಪರಿಗ್ರಹವಾದರೆ, ಮೂರ್ಛೆಯಿಲ್ಲದವನಲ್ಲಿ ನೂರಲ್ಲ ಸಾವಿರವಿದ್ದರೂ ಬಾಧಕವೇನು? ತಾನು ಗೌರವದಿಂದ ಇಟ್ಟಿದ್ದೇನೆ, ಲಾಭಕ್ಕಲ್ಲ ಎಂಬುದು ಅವರ ಅಭಿಪ್ರಾಯ. ಈ ಯುಕ್ತಿ ಬಹಳ ಹಳೆಯದು, ಬಹಳ ಅಪಾಯಕರವಾದುದು. ತನಗೆ ಮೂರ್ಛೆಯಿಲ್ಲವೆಂದು ತೀರ್ಪು ಕೊಡುವವನು ಯಾರು? ಮೂರ್ಛಿತನೇ ಅಲ್ಲವೆ? ಪ್ರಜ್ಞೆ ತಪ್ಪಿದವನು ತಾನು ಎಚ್ಚರವಾಗಿದ್ದೇನೆಂದು ಹೇಳುವ ಸಾಕ್ಷ್ಯವನ್ನು ಯಾವ ವೈದ್ಯನೂ ನಂಬುವುದಿಲ್ಲ. ಅದಕ್ಕಾಗಿಯೇ ಗೃಹಸ್ಥನ ವ್ರತಕ್ಕೆ ಪರಿಮಾಣವೆಂಬ ಶಬ್ದ ಅಂಟಿಕೊಂಡಿರುವುದು. ಮನಸ್ಸು ಸುಳ್ಳು ಹೇಳುತ್ತದೆ, ಎಣಿಕೆ ಹೇಳುವುದಿಲ್ಲ. ನೂರೆಂದು ನಿಶ್ಚಯಿಸಿದವನ ಮುಂದೆ ನೂರೊಂದನೆಯ ಲಕೋಟೆ ಬಂದು ನಿಂತಾಗ ಒಳಗೆ ಆಗುವ ತಳಮಳವೇ ಮೂರ್ಛೆಯ ಮೊದಲ ದರ್ಶನ. ಎಲ್ಲೆಯಿಲ್ಲದಿದ್ದರೆ ಆ ತಳಮಳಕ್ಕೆ ಸಂದರ್ಭವೇ ಒದಗುತ್ತಿರಲಿಲ್ಲ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳುವ ಅತಿಚಾರಗಳು ಸೂತ್ರಕಾರರ ಪಟ್ಟಿಗಿಂತ ಭಿನ್ನವಾಗಿವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವುಗಳಲ್ಲಿ ವಿಸ್ಮಯವೆಂಬುದನ್ನು ನೋಡಿದ ಯಾರಿಗಾದರೂ ಆಶ್ಚರ್ಯವಾದೀತು. ವಿಸ್ಮಯದಲ್ಲಿ ದೋಷವೇನಿದೆ? ಇನ್ನೊಬ್ಬನಿಗೆ ದೊರೆತ ಹೆಚ್ಚಿನ ಲಾಭವನ್ನು ಕಂಡು ಬೆರಗಾಗಿ, ಅದು ತನಗೆ ದೊರೆಯಲಿಲ್ಲವೆಂದು ಒಳಗೇ ಕುದಿಯುವುದು ಇಲ್ಲಿಯ ವಿಸ್ಮಯ. ಚಂದ್ರನ ಮಣ್ಣಿನ ಮಾದರಿಯನ್ನು ತರಲು ಅಪೊಲೊ 11ರಲ್ಲಿ ಬಳಸಿದ ಒಂದು ಚೀಲವು 2015ರಲ್ಲಿ ಸರ್ಕಾರಿ ಹರಾಜಿನಲ್ಲಿ 995 ಡಾಲರಿಗೆ ಹೋಯಿತು. ಅದೇನೆಂದು ಮಾರಿದವರಿಗೇ ತಿಳಿದಿರಲಿಲ್ಲ. ಮೊಕದ್ದಮೆ ನಡೆದು, ಕೊಂಡವರ ಹಕ್ಕು ಸಿದ್ಧವಾಗಿ, 2017ರ ಜುಲೈ 20ರಂದು ನ್ಯೂಯಾರ್ಕಿನಲ್ಲಿ 18 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಸುದ್ದಿಯನ್ನು ಓದಿದ ರಾತ್ರಿ ಎಷ್ಟು ಮಂದಿ ಸಂಗ್ರಾಹಕರು ಸುಖವಾಗಿ ನಿದ್ರಿಸಿದರೋ! ನಾನು ಲಾಭಕ್ಕಾಗಿ ಇಟ್ಟಿಲ್ಲ ಎನ್ನುವವರು ಆ ರಾತ್ರಿಯ ತಮ್ಮ ನಿದ್ರೆಯನ್ನೇ ಪ್ರಮಾಣವಾಗಿ ತೆಗೆದುಕೊಳ್ಳಬಹುದು.

ಇಲ್ಲಿಂದ ಬೆಲೆಯ ಪ್ರಶ್ನೆ ಏಳುತ್ತದೆ. 1984ರಲ್ಲಿ ಕೆಲವೇ ರೂಪಾಯಿಗಳಿಗೆ ಬಂದ ಲಕೋಟೆ ಇಂದು ಸಾವಿರಗಳಿಗೆ ಹೋಗುವುದಾದರೆ, ವ್ರತದ ಪಟ್ಟಿಯಲ್ಲಿ ಯಾವ ಬೆಲೆಯನ್ನು ಬರೆಯಬೇಕು? ವ್ರತ ತೆಗೆದುಕೊಂಡ ಮೇಲೆ ಬೆಲೆ ಏರಿದರೆ ವ್ರತಭಂಗವೆ? ಬೆಲೆ ಏರುವುದು ವ್ರತಿಯ ಕೈಯಲ್ಲಿಲ್ಲ. ತಾನು ಮಾಡದ ಕ್ರಿಯೆಯಿಂದ ವ್ರತಭಂಗವಾಗುವುದಿಲ್ಲ ಎಂಬುದು ನಮ್ಮ ಅಭಿಮತ. ಆದುದರಿಂದ ಇಂತಹ ವಸ್ತುಗಳಿಗೆ ಬೆಲೆಯಿಂದಲ್ಲ, ಸಂಖ್ಯೆಯಿಂದ ಎಲ್ಲೆ ಹಾಕುವುದು ಲೇಸು. ಆದರೆ ಮಾರಿದ ದಿನ ಬಂದ ಹಣವು ಧನವಾಗುತ್ತದೆ. ಅದು ಧನದ ಎಲ್ಲೆಯನ್ನು ಮೀರಿದರೆ ಮೀರಿದ ಭಾಗವು ದಾನಕ್ಕೆ ಸಲ್ಲಬೇಕು. ಎಲ್ಲೆ ಮುಟ್ಟಿತೆಂದು ಕೆಲವನ್ನು ಮಗನ ಹೆಸರಿಗೋ ಪತ್ನಿಯ ಹೆಸರಿಗೋ ಬರೆದಿಟ್ಟು ಬೀರುವಿನ ಕೀಲಿಯನ್ನು ಮಾತ್ರ ತಾನೇ ಇಟ್ಟುಕೊಳ್ಳುವ ಉಪಾಯವನ್ನು ಚರ್ಚಿಸುವ ಅಗತ್ಯವೇ ಇಲ್ಲ.

ಪತ್ರದಲ್ಲಿ ದಿಗ್ವ್ರತದ ಮಾತೂ ಬಂದಿದೆ. ಹತ್ತು ದಿಕ್ಕುಗಳಲ್ಲಿ ಊರ್ಧ್ವವೂ ಒಂದು. ಮೇಲಕ್ಕೂ ಎಲ್ಲೆ ಹಾಕಿಕೊಂಡವನು ಆ ಎಲ್ಲೆಯನ್ನು ಮೀರಿ ಹೋಗಿ ಬಂದವರ ಕುರುಹನ್ನು ಕೂಡಿಡಬಹುದೆ? (ಚಂದ್ರವಿಮಾನದ ಸ್ವರೂಪವೇನು, ಅಮೆರಿಕನ್ನರು ಇಳಿದದ್ದು ಎಲ್ಲಿ ಎಂಬ ಚರ್ಚೆಯನ್ನು ಕರಣಾನುಯೋಗದ ಪಂಡಿತರಿಗೆ ಬಿಟ್ಟಿದ್ದೇವೆ, ಪ್ರಸ್ತುತ ವ್ರತಕ್ಕೆ ಅದು ಬೇಕಾಗಿಲ್ಲ.) ದಿಗ್ವ್ರತವು ತಾನು ಹೋಗುವುದಕ್ಕೆ ಹಾಕಿದ ಮೇರೆ. ಇತರರು ಹೋದದ್ದನ್ನು ಗೌರವಿಸಿದರೆ ಅದು ಮುರಿಯದು. ಆದರೆ ದೇಶವ್ರತವನ್ನು ಪಾಲಿಸುವ ಕಾಲದಲ್ಲಿ ಮೇರೆಯಾಚೆಯಿಂದ ವಸ್ತುವನ್ನು ತರಿಸುವುದು ಆನಯನವೆಂಬ ಅತಿಚಾರ. ಇಷ್ಟು ದಿನ ಈ ನಗರದ ಗಡಿಯನ್ನು ದಾಟೆನೆಂದು ನಿಯಮ ಹಿಡಿದು, ಮನೆಯ ಕುರ್ಚಿಯಲ್ಲಿಯೇ ಕುಳಿತು ಸಾಗರದಾಚೆಯ ಹರಾಜಿನಲ್ಲಿ ಕೂಗಿದರೆ ಕಾಲು ದಾಟಲಿಲ್ಲ, ಕೈ ದಾಟಿತು. ಮೇರೆಗಳು ಸಮುದ್ರ, ನದಿ, ಅಡವಿ, ಬೆಟ್ಟಗಳಂತೆ ಎಲ್ಲರೂ ಬಲ್ಲವಾಗಿರಬೇಕೆಂದು ಸಮಂತಭದ್ರರು ಹೇಳಿದ್ದಾರೆ. ನಗರದ ಪಶ್ಚಿಮಕ್ಕಿರುವ ಊರಿಗೆ ಮೂಡಲಪಾಳ್ಯವೆಂದು ಹೆಸರು! ಯಾವುದೋ ಕಾಲದಲ್ಲಿ ಯಾವುದೋ ಊರಿನ ಮೂಡಣ ದಿಕ್ಕಿಗಿದ್ದ ಪಾಳ್ಯವಿದ್ದೀತು. ದಿಕ್ಕಿನ ಹೆಸರನ್ನು ನಂಬಿದರೆ ಸಾಲದು, ಗುರುತು ಬೇಕು ಎಂಬುದಕ್ಕೆ ಆ ದಂಪತಿಗಳ ವಿಳಾಸವೇ ಸಾಕ್ಷಿ.

ಪ್ರಸಂಗವಶಾತ್ ಇನ್ನೊಂದು ಮಾತು. ರಾಕೇಶ್ ಶರ್ಮಾ ಅವರನ್ನು ಗಗನಯಾತ್ರೆಗೆ ಆರಿಸುವ ಮುನ್ನ, ಇಕ್ಕಟ್ಟಿನಲ್ಲಿ ಅವರ ಮನಸ್ಸು ಅಂಜುವುದೋ ಎಂದು ಪರೀಕ್ಷಿಸಲು ವಾಯುಸೇನೆಯವರು ಬೆಂಗಳೂರಿನಲ್ಲಿಯೇ ಅವರನ್ನು 72 ಗಂಟೆಗಳ ಕಾಲ ಒಂದು ಕೋಣೆಯಲ್ಲಿ ಕೂಡಿಹಾಕಿದ್ದರು. ಊರ್ಧ್ವ ದಿಕ್ಕಿನ ಆ ಮಹಾಯಾನಕ್ಕೆ ಪೂರ್ವಸಿದ್ಧತೆಯಾದದ್ದು ಒಂದು ಕೋಣೆಯಷ್ಟೇ ಜಾಗಕ್ಕೆ ತನ್ನನ್ನು ಮಿತಗೊಳಿಸಿಕೊಂಡದ್ದು. ನಮ್ಮ ಶ್ರಾವಕರು ಅವರ ಲಕೋಟೆಯನ್ನು ನೋಡುವಾಗ ಏಪ್ರಿಲ್ 3ನ್ನಷ್ಟೇ ಅಲ್ಲದೆ ಈ ಮೂರು ದಿನಗಳನ್ನೂ ನೆನೆದರೆ ಗೌರವವೆಂಬ ಮಾತಿಗೆ ಅರ್ಥ ಬಂದೀತು.

ಪರ್ವದಿನಗಳ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿದ್ದು, ಹಸಿವು ತಿಳಿಯದಿರಲೆಂದು ಮಧ್ಯಾಹ್ನವೆಲ್ಲ ಆಲ್ಬಮ್ ತೆರೆದು ಲಕೋಟೆಗಳನ್ನು ಜೋಡಿಸುತ್ತ ಕಳೆಯುವೆನೆಂದು ಆ ಶ್ರಾವಕರು ನಿರ್ವ್ಯಾಜವಾಗಿ ಬರೆದಿದ್ದಾರೆ. ಉಪವಾಸದಂದು ಬಿಡಬೇಕಾದುದು ನಾಲ್ಕು ವಿಧದ ಆಹಾರವನ್ನು ಮಾತ್ರವಲ್ಲ. ಆರಂಭ, ಅಲಂಕಾರ, ಗಂಧಪುಷ್ಪಗಳನ್ನೂ ಬಿಟ್ಟು ಧರ್ಮಶ್ರವಣದಲ್ಲಿಯೋ ಜ್ಞಾನಧ್ಯಾನದಲ್ಲಿಯೋ ಇರಬೇಕೆಂಬುದು ವಿಧಿ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮರಳಿ ಮರಳಿ ಅನುಭವಿಸುವುದು ಉಪಭೋಗ. ನೂರು ಸಲ ತೆರೆದರೂ ತೀರದ ಆಲ್ಬಮ್ ಉಪಭೋಗವೇ. ಹೊಟ್ಟೆಗೆ ಬಾಗಿಲು ಹಾಕಿ ಕಣ್ಣಿಗೆ ಔತಣ ಬಡಿಸಿದಂತಾಯಿತು. ಯಾವಜ್ಜೀವವಾದ ಯಮವಲ್ಲದಿದ್ದರೂ ಕಾಲಮಿತಿಯ ನಿಯಮವನ್ನಾದರೂ ಮಾಡಿಕೊಂಡು, ಸಪ್ತಮಿ ತ್ರಯೋದಶಿಗಳ ಸಂಜೆ ಪೆಟ್ಟಿಗೆಯ ಕೀಲಿಯನ್ನು ಮನೆಯವರ ಕೈಗೆ ಕೊಟ್ಟು ಪಾರಣೆಯ ನಂತರ ಹಿಂದಕ್ಕೆ ಪಡೆಯಲಿ. ಹಸಿವಿಗಿಂತ ಕೀಲಿಯ ನೆನಪೇ ಹೆಚ್ಚು ಕಾಡಿದರೆ, ಅಂದಿನ ಉಪವಾಸ ಯಾವುದರದು ಎಂಬುದು ತಾನಾಗಿ ತಿಳಿಯುತ್ತದೆ.

ಹಾಗಾದರೆ ಮಹನೀಯರ ಕುರುಹನ್ನು ಗೌರವಿಸುವುದೇ ತಪ್ಪೆ? ತಪ್ಪಲ್ಲ. ಆದರೆ ಗೌರವಿಸಲು ಇಟ್ಟುಕೊಳ್ಳಲೇಬೇಕೆಂಬುದು ಸಿದ್ಧವಾಗಿಲ್ಲ. ಅಮೆರಿಕದ ಓಹಾಯೊ ಪ್ರಾಂತದಲ್ಲಿ ಆರ್ಮ್‌ಸ್ಟ್ರಾಂಗನ ತಲೆಗೂದಲನ್ನು ಕತ್ತರಿಸುತ್ತಿದ್ದ ಕ್ಷೌರಿಕನೊಬ್ಬನು ಆ ಕೂದಲನ್ನು ಗುಡಿಸಿಟ್ಟುಕೊಂಡು ಸಂಗ್ರಾಹಕನೊಬ್ಬನಿಗೆ 3,000 ಡಾಲರಿಗೆ ಮಾರಿದನು. 2005ರಲ್ಲಿ ಅದು ಬೆಳಕಿಗೆ ಬಂದು ಆರ್ಮ್‌ಸ್ಟ್ರಾಂಗ್ ಬಹಳ ನೊಂದುಕೊಂಡನು. ಈ ಸುದ್ದಿಯನ್ನು ಓದಿದ ಜೈನನಿಗೆ ಕೇಶಲೋಚದ ನೆನಪಾಗದಿರದು. ಆದಿಪುರಾಣದಲ್ಲಿ ವೃಷಭಸ್ವಾಮಿಯು ದೀಕ್ಷೆಯ ಸಮಯದಲ್ಲಿ ಕಿತ್ತ ಕೇಶವನ್ನು ಇಂದ್ರನು ರತ್ನದ ಕರಂಡಕದಲ್ಲಿ ಭಕ್ತಿಯಿಂದ ಎತ್ತಿಕೊಳ್ಳುತ್ತಾನೆ. ಎತ್ತಿಕೊಂಡು ಅಮರಾವತಿಯ ಭಂಡಾರಕ್ಕೆ ಒಯ್ಯುವುದಿಲ್ಲ, ಕ್ಷೀರಸಾಗರದಲ್ಲಿ ವಿಸರ್ಜಿಸುತ್ತಾನೆ. ಕೂಡಿಡಲು ಅವನಿಗಿಂತ ಹೆಚ್ಚು ಅನುಕೂಲ ಯಾರಿಗಿತ್ತು?

ಹಸ್ತಾಕ್ಷರದ ಮೇಲಿನ ಪ್ರೀತಿಯೂ ಕನ್ನಡ ಜೈನರಿಗೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂದು ಕೊರೆದಿರುವ ಅಕ್ಷರಗಳು ಮಹಾಕವಿ ರನ್ನನವೇ ಎಂದು ಹೇಳುತ್ತಾರೆ. ಅದೇ ಬೆಟ್ಟದಲ್ಲಿ ಸಲ್ಲೇಖನದಿಂದ ಮುಡಿಪಿದವರ ಹೆಸರುಗಳು ನಿಸಿದಿಗಳಲ್ಲಿ ಸಾಲುಸಾಲಾಗಿವೆ; ಕೊನೆಗೆ ದೇಹವನ್ನೂ ಉಳಿಸಿಕೊಳ್ಳದೆ ಹೋದವರ ಹೆಸರುಗಳು. ಸಾವಿರ ವರ್ಷಗಳಿಂದ ಹತ್ತಿ ಬಂದವರೆಲ್ಲ ಅವನ್ನು ನೋಡಿದ್ದಾರೆ, ಬೆರಳಿನಿಂದ ಸವರಿದ್ದಾರೆ, ಇಳಿದು ಹೋಗಿದ್ದಾರೆ. ಬಂಡೆಯನ್ನು ಮನೆಗೆ ಒಯ್ಯಲಾಗದು ಎಂಬುದು ನಮ್ಮ ಪೂರ್ವಿಕರಿಗೆ ಒದಗಿದ ಭಾಗ್ಯವೆನ್ನಬೇಕು.

ಮೂಡಲಪಾಳ್ಯದ ದಂಪತಿಗಳಿಗೆ ನಮ್ಮ ಸಲಹೆ ಇಷ್ಟು. ಉತ್ತಮ ಆಕಿಂಚನ್ಯದ ದಿನ, ಎಂದರೆ ಭಾದ್ರಪದ ಶುದ್ಧ ತ್ರಯೋದಶಿಯಂದು, ಸಂಗ್ರಹದ ಪೂರ್ಣ ಪಟ್ಟಿಯನ್ನು ಬರೆದು ಕುಪ್ಯದಲ್ಲಿ ಸೇರಿಸಲಿ. ಈಗಿರುವ ನೂರನ್ನೇ ಎಲ್ಲೆಯಾಗಿ ಇಟ್ಟರೆ ವ್ರತವೇನೋ ಆಗುತ್ತದೆ, ಆದರೆ ಏನನ್ನೂ ಬಿಟ್ಟಂತಾಗುವುದಿಲ್ಲ; ಕಡಿಮೆ ಮಾಡುವುದು ಮೇಲು. ಎಷ್ಟೆಂದು ಅವರಿಬ್ಬರೇ ಕೂಡಿ ನಿಶ್ಚಯಿಸಲಿ. ಮಿಕ್ಕವನ್ನು ಮಕ್ಕಳು ಬಂದು ನೋಡುವಂತಹ ಶಾಲೆಗೋ ವಸ್ತುಸಂಗ್ರಹಾಲಯಕ್ಕೋ, ತಮ್ಮ ಹೆಸರಿನ ಫಲಕವನ್ನು ಬಯಸದೆ, ಕೊಡಲಿ. ಇಟ್ಟುಕೊಂಡದ್ದರಲ್ಲಿ ಒಂದನ್ನು ಕೊಟ್ಟು ಒಂದನ್ನು ಪಡೆಯುವುದಕ್ಕೆ ಬಾಧಕವಿಲ್ಲ. ಪಡೆದ ಮೇಲೆ ಕೊಡುತ್ತೇನೆ ಎಂಬುದು ಮಾತ್ರ ಸಲ್ಲದು, ನಡುವಣ ಅಷ್ಟು ದಿನ ಎಲ್ಲೆ ಮೀರಿದಂತಾಗುತ್ತದೆ.

ಯಂತ್ರದ ಸಹಿಯೆಂಬ ಅನುಮಾನಕ್ಕೆ ಒಳಗಾದ ಏಳೆಂಟು ಚಿತ್ರಗಳು ಅವರಲ್ಲಿವೆಯಂತೆ. ಅವುಗಳ ಗತಿಯನ್ನೂ ಕೇಳಿದ್ದಾರೆ. ಅನುಮಾನವನ್ನು ಮುಚ್ಚಿಟ್ಟು ಮಾರಿದರೆ ಪ್ರತಿರೂಪಕ ವ್ಯವಹಾರವಾಗುತ್ತದೆ. ದಾನ ಕೊಡುವಾಗಲೂ ಅನುಮಾನವನ್ನು ಹಿಂಬದಿಯಲ್ಲಿ ಬರೆದೇ ಕೊಡಬೇಕು. ತಾವೇ ಇಟ್ಟುಕೊಳ್ಳುವುದಾದರೆ ಅವನ್ನೂ ಎಣಿಕೆಯಲ್ಲಿ ಸೇರಿಸಬೇಕು. ಸಹಿ ಸುಳ್ಳಾದರೂ ಅದರ ಮೇಲಿನ ಮಮತೆ ನಿಜವಾಗಿರಬಹುದು.